ಗುಬ್ಬಿ ಎರಡು

ಕನ್ನಡಕದಂಗಡಿಯವನ ಕಷ್ಟಕ್ಕೆಲ್ಲ ಮೂಲ, ಬೆಳಗ್ಗೆ ಟೀ ಕುಡಿಯುವಾಗ ಮೊಬೈಲಿಗೆ ಬಂದ ಒಂದು ಫೋಟೊ. ಯಾರೋ ಪುಣ್ಯಾತ್ಮ ಮನೆಯಲ್ಲೇ ಕಟ್ಟಿಕೊಂಡ ಪುಟ್ಟ ವಿಮಾನ. ಹೆಸರು ಬರೆದಿರಬಹುದಾದ ಬಾಲ ಮಾತ್ರ ಫೋಟೊದಿಂದಾಚೆ ಉಳಿದಿತ್ತು.

ಇಂಥ ಅಪರೂಪದ ವಿಮಾನಗಳನ್ನು ಫೋಟೊ ನೋಡಿ ಗುರುತಿಸುವವರದೊಂದು ಬಳಗ. ಅದರಲ್ಲಿ ಇವನು ಎರಡು ಸಲ ಎದೆ ತಟ್ಟಿಕೊಂಡು ತಪ್ಪು ಹೇಳಿದ್ದ. ಮೂರನೆಯ ತಪ್ಪಿಗೆ ಬಳಗದಿಂದಲೇ ಹೊರಗೆ. ಅದಕ್ಕೆ ಮೊದಲು ಒಮ್ಮೆಯಾದರೂ ಅಧ್ಯಕ್ಷರ ಬಾಯಿಂದ "ಸರಿ" ಅನ್ನಿಸಿಕೊಳ್ಳಬೇಕೆಂಬುದು ಅವನ ಜೀವಮಾನದ ಆಸೆ. ಅಧ್ಯಕ್ಷರು ಫೋಟೊದ ಕೆಳಗೆ ಎಂದಿನಂತೆ ಗದರಿದ್ದರು: ಸಂಜೆಯೊಳಗೆ ಹೇಳಿ, ಸುಳಿವು ಕೇಳಬೇಡಿ, ಕಟ್ಟಿದವರ ಕಡೆಯವರು ಬಾಯಿ ಬಿಡಬೇಡಿ.

"ಫೋಟೊ ಆಮೇಲೆ ನೋಡಿ," ಎಂದಳು ಹೆಂಡತಿ. "ರಿಪೇರಿಗೆ ಕೊಟ್ಟ ಅಂಗಡಿ ಕುರ್ಚಿ ತರೋದು ಯಾವಾಗ? ಗಿರಾಕಿಗಳು ನಿಂತ್ಕೊಂಡೇ ಕಣ್ಣು ತೋರಿಸ್ತಿದಾರೆ."

"ಇವತ್ತು ಖಂಡಿತ," ಎಂದ. ದಿನಾ ಹೀಗೇ ಅನ್ನುತ್ತಿದ್ದ.

ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಕೂತ. ರೆಕ್ಕೆ ಮೇಲೆ, ಸೀಟು ಒಂದೇ, ಮುಂದೆ ಎರಡು ಚಕ್ರ. ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿದರೂ ಇದರ ಅಣ್ಣತಮ್ಮಂದಿರು ಸಿಗಲಿಲ್ಲ. ಈ ಗಡಿಬಿಡಿಯಲ್ಲಿ ನಿವೃತ್ತ ಮೇಷ್ಟ್ರಿಗೆ ಇನ್ನಾರದೋ ಕನ್ನಡಕ ಕೊಟ್ಟುಬಿಟ್ಟ. ಅವರು ಬೀದಿದೀಪದ ಕಂಬಕ್ಕೆ ನಮಸ್ಕಾರ ಹೇಳಿ ಹೊರಟರು.

ಬೇಕರಿಯವನು ಬಂದು ಫೋಟೊದೊಳಕ್ಕೆ ಇಣುಕಿದ. "ಈ ಬಾಗಿಲಿನ ಹಿಡಿ ನಮ್ಮ ಓವನ್ನಿಂದು ಇದ್ದಂಗಿದೆಯಲ್ಲ!"

"ಇದು ವಿಮಾನ ಕಣಯ್ಯ, ಬ್ರೆಡ್ ಅಲ್ಲ."

ಅವನ ಹಿಂದೆಯೇ ದರ್ಜಿ. "ರೆಕ್ಕೆ ಬಟ್ಟೆ ನಮ್ಮಂಗಡಿ ಪರದೆ ಥರಾನೇ ಇದೆ ನೋಡಿ."

"ನಿಮಗೆಲ್ಲ ಮೊದಲು ಕಣ್ಣು ಪರೀಕ್ಷೆ ಮಾಡಬೇಕು," ಎಂದು ಇಬ್ಬರನ್ನೂ ಬೈದ. ಅವರು ಹೋಗಲಿಲ್ಲ. ಇವನು ಮತ್ತೆ ಭೂತಗನ್ನಡಿಗೆ ಕಣ್ಣು ಹಚ್ಚಿದ.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಫೋಟೊ ನೋಡಿದವಳೇ ಸೊಂಟಕ್ಕೆ ಕೈಕೊಟ್ಟು ನಿಂತಳು. "ಸೀಟಿನ ಹಿಂದೆ ಹಸಿರು ತೇಪೆ ಕಾಣ್ಸಲ್ವಾ? ನಾನೇ ಹಾಕಿದ್ದು. ಅದು ನಮ್ಮ ಕುರ್ಚಿ!"

ಕುರ್ಚಿ, ಹಿಡಿ, ಪರದೆ ಮೂರೂ ಹೋಗಿದ್ದು ಬೀದಿ ತುದಿಯ ರಿಪೇರಿ ಮಾಮನ ಶೆಡ್ಡಿಗೆ. ಎಲ್ಲರೂ ಅತ್ತ ಓಡಿದರು. ಶೆಡ್ಡಿನ ತುಂಬ ವಿಮಾನ ನಿಂತಿತ್ತು. ಬಾಲದ ಮೇಲೆ ಕೆಂಪಕ್ಷರದಲ್ಲಿ 'ಗುಬ್ಬಿ ಎರಡು'.

"ಒಂದನೇದು?" ಎಂದ ಬೇಕರಿಯವನು.

"ಕಾಲುವೇಲಿದೆ," ಎಂದ ಮಾಮ, ಸ್ಪ್ಯಾನರ್ ಒರೆಸುತ್ತ. "ನಿಮ್ಮ ಸಾಮಾನೆಲ್ಲ ಕೊಡ್ತೀನಿ. ಒಂದ್ಸಲ ಹಾರಿ ಬಂದ್ಬಿಡ್ತೀನಿ, ಆಮೇಲೆ."

ದರ್ಜಿ ರೆಕ್ಕೆಗೇ ಕೈ ಹಾಕಿದ. ಕನ್ನಡಕದಂಗಡಿಯವನು ಒಂದು ಕೈಯಲ್ಲಿ ಅವನನ್ನು ತಡೆದು, ಇನ್ನೊಂದರಲ್ಲಿ ಅಧ್ಯಕ್ಷರಿಗೆ ಫೋನ್ ಮಾಡಿದ.

"ಸರ್, ಗುಬ್ಬಿ ಎರಡು!"

"ಸರಿ!" ಎಂದರು ಅಧ್ಯಕ್ಷರು. ಅವನ ಕಣ್ಣಲ್ಲಿ ನೀರೇ ಬಂತು. "ಘಟಾನುಘಟಿಗಳೇ ಕೈಚೆಲ್ಲಿದ್ರು. ನೀವು ಹೇಗ್ರೀ ಕಂಡುಹಿಡಿದ್ರಿ?"

ರೆಕ್ಕೆ ನೋಡಿ ಅಂದು ಫೋನ್ ಇಟ್ಟಿದ್ದರೆ ಆಗುತ್ತಿತ್ತು. ಆದರೆ ಅವನು ಆಗಲೇ ಉಬ್ಬಿಹೋಗಿದ್ದ. "ಸೀಟು ನೋಡಿ ಸರ್! ಅದು ನಮ್ಮಂಗಡಿ ಕುರ್ಚಿ!"

ಅಧ್ಯಕ್ಷರ ದನಿ ಗಡುಸಾಯಿತು. "ಅಂದ್ರೆ ನೀವು ಕಟ್ಟಿದವರ ಕಡೆಯವರು."

"ನಾನು ಕೊಟ್ಟಿದ್ದು ರಿಪೇರಿಗೆ ಸರ್!"

"ಯಾತಕ್ಕಾದ್ರೂ ಕೊಡಿ, ಸೀಟು ನಿಮ್ಮದು ತಾನೇ? ಉತ್ತರ ರದ್ದು. ಇದು ನಿಮ್ಮ ಮೂರನೇ ತಪ್ಪು." ಫೋನ್ ಕಟ್ಟಾಯಿತು.

ಅವನು ಫೋನ್ ಜೇಬಿಗಿಳಿಸಿ ಸುತ್ತ ನೋಡಿದ. ಶೆಡ್ಡಿನಲ್ಲಿ ಕೂರಲು ಬೇರೇನೂ ಇರಲಿಲ್ಲ. ವಿಮಾನ ಹತ್ತಿ ತನ್ನದೇ ಕುರ್ಚಿಯಲ್ಲಿ ಕುಸಿದ.

"ಹುಷಾರು, ಜಾಸ್ತಿ ಅಲ್ಲಾಡಬೇಡಿ," ಎಂದ ಮಾಮ. "ಅದಿನ್ನೂ ರಿಪೇರಿ ಆಗಿಲ್ಲ."