ಸೋಪು ಕಾಣದ ಹದಿನಾಲ್ಕು ಕೋಟು

ಹೆಂಡತಿ: ಹೆಸರೆಲ್ಲಿ ಹೋಯ್ತು ಅಂತ ಕೇಳಿದೆ. ಪಾಠ ಮಾಡಿ ಅನ್ನಲಿಲ್ಲ.

ಮೇಷ್ಟ್ರು: ಅದನ್ನೇ ಹೇಳ್ತಿದೀನಿ. ನೀರಲ್ಲಿ ಹೋಯ್ತು.

ಹೆಂಡತಿ: ಹದಿನಾಲ್ಕು ಕೋಟಿನ ಹೆಸರೂ?

ಮೇಷ್ಟ್ರು: ನೀರು ಪಕ್ಷಪಾತ ಮಾಡಲ್ಲ.

ಬಟ್ಟೆ ಒಗೆಯುವ ಆ ಅಂಗಡಿ ಹೆಂಡತಿಯದು. ಮೇಷ್ಟ್ರು, ಆಕೆಯ ಗಂಡ, ಮೂವತ್ತು ವರ್ಷ ಯಾರೂ ಎದುರು ಮಾತಾಡದ ಕೋಣೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅಂಗಡಿಯಲ್ಲಿ ಅವರಿಗಿದ್ದ ಕೆಲಸ ಒಂದೇ, ಕಾಲರಿನ ಒಳಗೆ ಬಟ್ಟೆಯವರ ಹೆಸರು ಬರೆಯುವುದು. ನಿನ್ನೆ ಆಕೆ ತಂಗಿಯ ಮನೆಗೆ ಹೋಗಿದ್ದಾಗ ಒಗೆತಕ್ಕೂ ಕೈ ಹಾಕಿದ್ದರು. ಹೊಸ ಗಿರಾಕಿಯಾದ ಆಸ್ಪತ್ರೆಯ ಹದಿನಾಲ್ಕು ಬಿಳಿ ಕೋಟುಗಳು ಈಗ ಯಾರವೆಂದು ತಿಳಿಯದೆ ಮೇಜಿನ ಮೇಲೆ ಬಿದ್ದಿದ್ದವು. ನಾಲ್ಕು ಗಂಟೆಗೆ ಆಸ್ಪತ್ರೆಯವನು ಬರುತ್ತಾನೆ. ಮೊದಲ ಸಲವೇ ಎಡವಿದರೆ ಬಟ್ಟೆಯೆಲ್ಲ ಎದುರಿನ ಅಂಗಡಿಗೆ ಎಂದು ಅವನು ಮೊದಲೇ ಹೇಳಿದ್ದ.

ಹೆಂಡತಿ: ಅಂಗಡಿಯ ಕಪ್ಪು ಮಸಿಗೆ ಏನಾಗಿತ್ತು? ಬಟ್ಟೆ ಹರಿದ್ರೂ ಅದು ಹೋಗಲ್ಲ.

ಮೇಷ್ಟ್ರು: ಅದರಲ್ಲಿ ಅಕ್ಷರ ದುಂಡಗೆ ಬರಲ್ಲ. ನನ್ನ ಫೌಂಟನ್ ಪೆನ್ನಲ್ಲಿ ಬರೆದೆ.

ಹೆಂಡತಿ: ನೀರಿಗೆ ಹಾಕೋ ಬಟ್ಟೆ ಮೇಲೆ ನೀರಲ್ಲಿ ಕರಗೋ ಮಸಿ. ಮೂವತ್ತು ವರ್ಷ ಆ ಮಕ್ಕಳು ನಿಮ್ಮನ್ನ ಹೇಗೆ ಸಹಿಸಿಕೊಂಡವೋ.

ಮೇಷ್ಟ್ರು: ಕೇಳು ಕಣೇ. ನೀರಿನ ಕಣಕ್ಕೆ ಎರಡು ಮುಖ. ಒಂದು ಕಡೆ ಸ್ವಲ್ಪ ಧನ ವಿದ್ಯುತ್ತು, ಇನ್ನೊಂದು ಕಡೆ ಸ್ವಲ್ಪ ಋಣ. ಉಪ್ಪಾಗಲಿ ಮಸಿಯಾಗಲಿ, ಹೊಂದೋ ಮುಖದಿಂದ ಹಿಡಿದು, ಸುತ್ತಲೂ ಮುತ್ತಿ, ಒಂದೊಂದಾಗಿ ಬಿಡಿಸಿ ಎಳಕೊಂಡು ಹೋಗುತ್ತೆ.

ಹೆಂಡತಿ: ಎರಡು ಮುಖ, ಸುತ್ತ ಮುತ್ತೋದು, ಎಳಕೊಂಡು ಹೋಗೋದು. ನಿಮ್ಮ ಅಕ್ಕಂದಿರನ್ನ ನೋಡಿದೀನಿ, ಮುಂದೆ ಹೇಳಿ.

ಮೇಷ್ಟ್ರು: ಅದಕ್ಕೇ ಸೋಪು ಹಾಕಲಿಲ್ಲ. ನೀರಿಗಿಂತ ದೊಡ್ಡ ದ್ರಾವಕ ಇಲ್ಲ. ಸೋಪು ಅನ್ನೋದು ಜಾಹೀರಾತಿನವರ ಹುನ್ನಾರ.

ಆಕೆ ಒಂದು ಕೋಟನ್ನೆತ್ತಿ, ತೋಳಿನ ಹಳದಿ ಕಲೆಯನ್ನು ಅವರ ಕನ್ನಡಕಕ್ಕೆ ತಾಗುವಂತೆ ಹಿಡಿದಳು.

ಹೆಂಡತಿ: ಇದು?

ಮೇಷ್ಟ್ರು: ಮುಲಾಮು.

ಹೆಂಡತಿ: ಇದ್ಯಾಕೆ ಹೋಗಿಲ್ಲ?

ಮೇಷ್ಟ್ರು: ಅದು ಎಣ್ಣೆಯ ಕಡೇದು. ಎಣ್ಣೆಗೆ ಅಂಥ ಮುಖಗಳಿಲ್ಲ, ನೀರಿಗೆ ಹಿಡಿತ ಸಿಗಲ್ಲ. ಅದು ಮುಂದಿನ ಪಾಠದಲ್ಲಿ ಬರುತ್ತೆ.

ಹೆಂಡತಿ: ಹೋಗಬೇಕಾದ್ದು ಉಳೀತು, ಉಳೀಬೇಕಾದ್ದು ಹೋಯ್ತು. ಅಷ್ಟು ದೊಡ್ಡ ನೀರಲ್ಲಿ ದಿನಾ ಅರ್ಧ ಗಂಟೆ ಸ್ನಾನ ಮಾಡ್ತೀರಲ್ಲ, ನೀವ್ಯಾಕೆ ಇನ್ನೂ ಕರಗಿಲ್ಲ?

ಮೇಷ್ಟ್ರು: ಒಳ್ಳೇ ಪ್ರಶ್ನೆ. ಮೈಯ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಪೊರೆ ಇದೆ. ನೀರು ಅದನ್ನ ಕರಗಿಸಲಾರದು. ಒಳಗೆ ಮಾತ್ರ ಅದೇ ನೀರು ಉಪ್ಪು ಸಕ್ಕರೆ ಕರಗಿಸಿಕೊಂಡು ಓಡಾಡುತ್ತೆ. ಅದರಿಂದಲೇ ಕೋಶದ ಕೆಲಸವೆಲ್ಲ ನಡೆಯೋದು.

ಹೆಂಡತಿ: ಕೊಬ್ಬಿರೋರು ಕರಗಲ್ಲ ಅನ್ನೋದು ಮದುವೆಯಾದ ವರ್ಷವೇ ಗೊತ್ತಾಯ್ತು. ಒಳಗೆ ಕೆಲಸ ನಡೀತಿದೆ ಅನ್ನೋದು ಹೊಸ ಸುದ್ದಿ.

ಮೇಷ್ಟ್ರು ಪೆಚ್ಚಾಗಿ ಕೋಟುಗಳ ಮೇಲೆ ಬಗ್ಗಿದರು. ಬಗ್ಗಿದವರು ತಟ್ಟನೆ ತಲೆಯೆತ್ತಿದರು.

ಮೇಷ್ಟ್ರು: ತಡಿ. ಹಳದಿ ಕಲೆ ಇದ್ದಿದ್ದು ಚರ್ಮದ ಡಾಕ್ಟರ ಕೋಟಲ್ಲಿ. ಆಸ್ಪತ್ರೆಯವನನ್ನ ಕೇಳಿ ಹೆಸರು ಬರೆಯುವಾಗ ನೋಡಿದ್ದೆ. ಜೇಬಿನ ಹತ್ತಿರ ಗ್ರೀಸು, ಹಲ್ಲಿನ ಡಾಕ್ಟರದು. ಎಲ್ಲ ಕಲೆಯೂ ನೆನಪಿದೆ. ಸೋಪು ಹಾಕಿದ್ದಿದ್ರೆ ಈ ಗುರುತೂ ಇರ್ತಿರಲಿಲ್ಲ. ಅಂಗಡಿ ಉಳಿಸಿದ್ದು ನಾನು.

ಹೆಂಡತಿ: ಮಗುವನ್ನ ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ. ಹೇಳಿ, ಇದು ಯಾರದು?

ಬೈಯುತ್ತಲೇ ಆಕೆ ಅವರು ಹೇಳಿದ ಹೆಸರುಗಳನ್ನು ಕಪ್ಪು ಮಸಿಯಲ್ಲಿ ಬರೆದಳು. ಆಮೇಲೆ ಹದಿನಾಲ್ಕನ್ನೂ ಸೋಪಿನ ನೀರಿಗೆ ಅದ್ದಿದಳು.

ಮೇಷ್ಟ್ರು: ಸೋಪಿನ ಒಂದು ತುದಿ ಎಣ್ಣೆಯನ್ನ ಹಿಡಿಯುತ್ತೆ, ಇನ್ನೊಂದು ತುದಿ ನೀರನ್ನ.

ಹೆಂಡತಿ: ಗೊತ್ತಿದ್ದೂ ಹಾಕಲಿಲ್ಲ. ಗೊತ್ತಿಲ್ಲದೋರನ್ನ ಕ್ಷಮಿಸಬಹುದು.

ಒಗೆದು, ಯಂತ್ರದಲ್ಲಿ ಒಣಗಿಸಿ, ಇಸ್ತ್ರಿ ಮುಗಿಯುವಷ್ಟರಲ್ಲಿ ಆಸ್ಪತ್ರೆಯವನು ಬಾಗಿಲಲ್ಲಿದ್ದ. ತೋಳು ನೋಡಿದ, ಜೇಬು ನೋಡಿದ. ಕಾಲರಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಆಸ್ಪತ್ರೆಯವನು: ಒಂದು ಕಲೆಯೂ ಇಲ್ಲ. ಇನ್ಮೇಲೆ ಎಲ್ಲ ಇಲ್ಲಿಗೇ ತರ್ತೀನಿ.

ಮೇಷ್ಟ್ರು: ಹೆಸರು ಸರಿಯಾಗಿದೆಯಾ ನೋಡಿಬಿಡಿ.

ಆಸ್ಪತ್ರೆಯವನು: ಹೆಸರು ಯಾರಿಗೆ ಬೇಕು ಸ್ವಾಮಿ? ಗೂಟದಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕ್ಕೋತಾರೆ. ಚರ್ಮದ ಡಾಕ್ಟರು ತಿಂಗಳಿಂದ ರಜಾ. ಅವರ ಕೋಟು ಅಡುಗೆಯವನ ಮೈಮೇಲಿರುತ್ತೆ.

ಅವನು ಗಂಟು ಹೊತ್ತು ಹೋದ ಮೇಲೆ ಆಕೆ ಗಂಡನ ಕಡೆ ತಿರುಗಿದಳು.

ಹೆಂಡತಿ: ಹೆಸರೇ ಬೇಡ ಅಂದಮೇಲೆ ಇಲ್ಲಿ ನಿಮಗೇನು ಕೆಲಸ?

ಮೇಷ್ಟ್ರಿಗೆ ನಿಜಕ್ಕೂ ಹೆದರಿಕೆಯಾಯಿತು. ನಿವೃತ್ತಿಯಾದ ಹೊಸತರಲ್ಲಿ ಮನೆಯ ಗೋಡೆಗಳಿಗೆ ಪಾಠ ಹೇಳಿದ ಆರು ತಿಂಗಳು ನೆನಪಾಯಿತು. ಪೆನ್ನಿನ ಮುಚ್ಚಳ ಹಾಕಿ ತೋಳು ಮಡಚಿದರು.

ಮೇಷ್ಟ್ರು: ಒಂದು ಬಕೆಟ್ಟಿಗೆ ಸೋಪು ಎಷ್ಟು ಹಾಕಬೇಕು?

ಹೆಂಡತಿ: ನೀರನ್ನ ನಂಬದೇ ಇರೋರು ಹಾಕುವಷ್ಟು.