ಶೀತದ ಮಾತ್ರೆ ಕೂಡಿಸಿದ ಸಂಬಂಧ

ಹೆಣ್ಣು ನೋಡಲು ಹೊರಟ ದಿನವೇ ಕಾಂತರಾಜುವಿಗೆ ನೆಗಡಿ ಹಿಡಿಯಿತು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತ, ವಯಸ್ಸು ಮೂವತ್ತಾರು, ಈವರೆಗೆ ಹನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಿಂದು ಬರಿಗೈಲಿ ಬಂದವನು. ನುಗ್ಗೇಹಳ್ಳಿಯ ನೇತ್ರಾ ಹನ್ನೆರಡನೆಯವಳು. ಫೋನಿನಲ್ಲಿ ಅವನೊಂದಿಗೆ ನಗುನಗುತ್ತಾ ಮಾತಾಡಿದ ಮೊದಲ ಹುಡುಗಿ ಅವಳೇ. ಅಂಥವಳ ಮುಂದೆ ಸೀನುತ್ತಾ ಕೂರುವುದುಂಟೇ?

ಜಾತಕ, ಮನೆತನ ಎಲ್ಲ ವಿಚಾರಿಸಿ ಸಂಬಂಧ ತಂದ ಪಕ್ಕದ ಮನೆಯ ಪಾಲಾಕ್ಷನೇ ಜೇಬಿನಿಂದ ಮಾತ್ರೆ ತೆಗೆದ.

"ನುಂಗ್ಲಾ. ನಾನು ಎರಡೆರಡು ನುಂಗ್ತೀನಿ, ಏನೂ ಆಗಲ್ಲ."

"ನಿಮ್ಗಾಗಲ್ಲ," ಎಂದು ಅವನ ಹೆಂಡತಿ ಪ್ರೇಮಕುಮಾರಿ ಕಾಂಪೌಂಡಿನಾಚೆಯಿಂದ ಕೂಗಿದಳು. "ನಾನ್ ಒಂದ್ ನುಂಗುದ್ರೆ ಸಂಜೆಗಂಟ ತಲೆ ಎತ್ತಕಾಗಲ್ಲ."

"ನೀನು ಹೆಂಗ್ಸು ಕಣೇ. ಗಂಡಸ್ರ ಮೈಯೇ ಬ್ಯಾರೆ."

ಪ್ರೇಮಕುಮಾರಿ ಬಿಡಲಿಲ್ಲ. ಶೀತಕ್ಕೆ ಇದೇ ಮದ್ದೆಂದು ಅರ್ಧ ಚಕ್ಕೋತ ಸುಲಿದು ತಂದಳು. ಇಬ್ಬರ ಮನಸ್ಸೂ ನೋಯಬಾರದೆಂದು ಕಾಂತರಾಜು ಮಾತ್ರೆಯನ್ನೂ ನುಂಗಿದ, ಹಣ್ಣನ್ನೂ ತಿಂದ.

ಬಸ್ಸು ಚನ್ನರಾಯಪಟ್ಟಣ ಮುಟ್ಟುವಾಗ ಅವನು ಪಕ್ಕದ ಹೆಂಗಸಿನ ಬಾಳೆಗೊನೆಗೆ ತಲೆಯೊರಗಿಸಿ ಗೊರಕೆ ಹೊಡೆಯುತ್ತಿದ್ದ. ಪಾಲಾಕ್ಷ ಮುಖಕ್ಕೆ ನೀರೆರಚಿದ. ಹೊಸ ಶರ್ಟು ನೆನೆಯಿತೇ ಹೊರತು ಕಣ್ಣು ತೆರೆಯಲಿಲ್ಲ. ಎಳೆದಿಳಿಸಿ, ಎರಡು ಕಾಫಿ ಕುಡಿಸಿ, ಇನ್ನೊಂದು ಬಸ್ಸು ಹತ್ತಿಸಿದ.

ನುಗ್ಗೇಹಳ್ಳಿಯಲ್ಲಿ ಹುಡುಗಿಯ ತಂದೆ ಕೃಷ್ಣಪ್ಪ, ಅಜ್ಜಿ ಚಿಕ್ಕಲಕ್ಷ್ಮಮ್ಮ ಎದುರಿಗೆ ಕೂತರು. ನೇತ್ರಾ ಉಪ್ಪಿಟ್ಟು, ಕಾಫಿ ತಂದಳು. ಕಾಂತರಾಜು ಲೋಟಕ್ಕೆ ಕೈ ಚಾಚಿದ. ಕೈ ಅಲ್ಲೇ ನಿಂತಿತು, ತಲೆ ಉಪ್ಪಿಟ್ಟಿನ ತಟ್ಟೆಗೆ ಇಳಿಯಿತು.

"ಬೆಳಿಗ್ಗೇನೇ ಕುಡ್ಕೊಂಡ್ ಬಂದವ್ನಲ್ಲ!" ಕೃಷ್ಣಪ್ಪ ಎದ್ದು ನಿಂತರು.

"ಅಯ್ಯೋ, ಶೀತದ ಮಾತ್ರೆ ಕಣ್ ಸಾ," ಎಂದ ಪಾಲಾಕ್ಷ.

"ಮಾತ್ರೆಗೆ ಯಾರಾದ್ರೂ ಇಂಗ್ ಬೀಳ್ತಾರಾ?"

ನೇತ್ರಾ ಪಟ್ಟಣದ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್.

"ಬೀಳ್ತಾರಪ್ಪ. ಔಷಧಿ ಒಬ್ಬೊಬ್ರ ಮೈಲಿ ಒಂದೊಂದ್ ಥರ ಕರಗುತ್ತೆ. ಗಂಡು-ಹೆಣ್ಣಿಗೆ ವ್ಯತ್ಯಾಸ ಇರುತ್ತೆ, ತಿಂದಿದ್ದರ ಮೇಲೂ ಹೋಗುತ್ತೆ, ವಂಶದಿಂದ್ಲೂ ಬರುತ್ತೆ. ಇವ್ರು ಏನ್ ತಿಂದಿದ್ರು?"

"ಚಕ್ಕೋತ," ಎಂದ ಪಾಲಾಕ್ಷ.

"ನೋಡಿ, ಕೆಲವು ಮಾತ್ರೆ ಚಕ್ಕೋತದ ಜೊತೆ ಬೇಗ ಕರಗೋದೇ ಇಲ್ಲ, ಮಂಪರು ಮೈಲೇ ಉಳಿಯುತ್ತೆ. ಪಾಪ, ಇವ್ರದೇನ್ ತಪ್ಪು?"

ಆ 'ಪಾಪ' ಕಾಂತರಾಜುವಿನ ನಿದ್ದೆಯೊಳಕ್ಕೂ ಇಳಿಯಿತು. ಕೆನ್ನೆಗೆ ಉಪ್ಪಿಟ್ಟು ಅಂಟಿಸಿಕೊಂಡೇ ತಲೆಯೆತ್ತಿ ನಕ್ಕ. ನೇತ್ರಾಳೂ ನಕ್ಕಳು. ಹನ್ನೊಂದು ಮನೆ ಸುತ್ತಿದರೂ ಸಿಗದ ನಗು ಅದು. ಮದುವೆ ಆದಂತೆಯೇ ಎಂದು ಅವನ ಎದೆ ತುಂಬಿ ಬಂತು.

ಅಜ್ಜಿ ಮಾತ್ರ ನಗಲಿಲ್ಲ.

"ನಮ್ ಯಜಮಾನ್ರೂ ಇಂಗೇಯ, ಈ ಕೃಷ್ಣನೂ ಇಂಗೇಯ. ಸಣ್ಣೋನಿದ್ದಾಗ ಒಂದ್ ಶೀತದ ಮಾತ್ರೆ ನುಂಗಿ ಎರಡ್ ದಿನ ಎದ್ದಿರ್ಲಿಲ್ಲ. ನಿಮ್ ಅಪ್ಪನ ಅಪ್ಪನ ಹೆಸ್ರೇನಪ್ಪ?"

"ಕೆಂಚಯ್ಯ ಅಂತ. ಅರಕಲಗೂಡು ಕಡೆಯೋರು."

"ಅಲ್ಲೇ ಉಟ್ಟಿದ್ದಾ?"

"ಇಲ್ಲಜ್ಜಿ, ಎಲ್ಲಿಂದಾನೋ ದತ್ತು ಬಂದಿದ್ರಂತೆ."

"ಎಡಗೈಲಿ ಆರು ಬೆರಳಿತ್ತಾ?"

ಕಾಂತರಾಜುವಿನ ನಿದ್ದೆ ಪೂರ್ತಿ ಹಾರಿತು. "ನಿಮಗೆಂಗ್ ಗೊತ್ತು?"

"ನನ್ ಮೈದ್ನ ಕಣಪ್ಪಾ! ನಾನ್ ಈ ಮನೆಗ್ ಬರೋಕ್ ಮುಂಚೇನೇ ದತ್ತು ಕೊಟ್ಬುಟ್ಟಿದ್ರು. ಒಂದೇ ಒಂದ್ ಸಲ ಬಂದು ಓಗಿದ್ದ." ಅಜ್ಜಿ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಕುಡುಕನೆಂದು ಬೈದದ್ದನ್ನೂ ಮರೆತು ಕೃಷ್ಣಪ್ಪ ಹೆಗಲ ಮೇಲೆ ಕೈ ಹಾಕಿದರು. "ಅಂಗಾರೆ ನಾನು ನಿಂಗೆ ದೊಡ್ಡಪ್ಪ ಆಗ್ಬೇಕಲ್ಲಪ್ಪಾ!"

ಕಾಂತರಾಜು ನೇತ್ರಾಳ ಕಡೆ ನೋಡಿದ. ಅವಳು ಒಳಗೆ ಹೋಗಿ ಟವೆಲ್ಲು ತಂದು ಕೊಟ್ಟಳು.

"ಮುಖ ಒರೆಸ್ಕೊಳ್ಳಿ ಅಣ್ಣ. ಇನ್ಮೇಲೆ ಡಾಕ್ಟ್ರನ್ನ ಕೇಳ್ದೆ ಮಾತ್ರೆ ನುಂಗ್ಬೇಡಿ."

ಕೃಷ್ಣಪ್ಪ ಬಸ್ ಸ್ಟಾಪಿನವರೆಗೂ ಬಂದು, ಅವನ ಕೈಗೊಂದು ಕವರ್ ಇಟ್ಟರು.

"ತಂಗಿ ಫೋಟೊ, ಜಾತಕ ಐತೆ. ಓಡಾಡಕ್ಕೆ ಅವ್ಳಿಗೊಬ್ಬ ಅಣ್ಣ ಇಲ್ಲ ಅಂತ ಕೊರಗ್ತಿದ್ದೆ. ನಿಮ್ ಕಡೆ ಒಂದೊಳ್ಳೆ ಗಂಡು ನೋಡಪ್ಪ."

ಬಸ್ಸಿನಲ್ಲಿ ಪಾಲಾಕ್ಷ ಗೊರಕೆ ಹೊಡೆದ. ಕಾಂತರಾಜು ಹೊಳೆನರಸೀಪುರ ಬರುವವರೆಗೂ ರೆಪ್ಪೆ ಮುಚ್ಚಲಿಲ್ಲ.