ನೀರು ಕಳೆದ ವಿಮಾನ

ಹಾಲನ್: ನಾನು ಕೇಳಿದ್ದು ತಕ್ಕಡಿ ವಿಚಾರ, ಲಿಂಗಯ್ಯ. ನೀನು ತೋರಿಸ್ತಾ ಇರೋದು ವಿಮಾನ.

ಶಿವಲಿಂಗಯ್ಯ: ಬರೀ ವಿಮಾನ ಅನ್ಬೇಡ. ನೀರಿನ ಮೇಲಿಂದ ಏಳೋ ಸರಕು ವಿಮಾನ. ಕೂತ್ಕೊಂಡು ನೋಡು, ನಿಂತು ನೋಡೋಕೆ ಇದೇನು ಬಸ್ಸಾ?

ಹಾಲನ್: ನೂರು ಕಿಲೋ ಎಲೆ ತಂದು ಹಾಕಿದ್ರೆ ತೊಂಬತ್ತು ಅಂತ ಬರ್ಕೋತೀಯಲ್ಲ, ಅದು ಇವತ್ತು ತೀರ್ಮಾನ ಆಗ್ಬೇಕು. ಇಲ್ದಿದ್ರೆ ನಾಳೆಯಿಂದ ನಮ್ಮ ಹಟ್ಟಿ ಎಲೆ ಪೂರಾ ಬೇರೆ ಏಜೆಂಟ್ ಹತ್ರ ಹೋಗುತ್ತೆ.

ಶಿವಲಿಂಗಯ್ಯನವರು ನೀಲಗಿರಿ ಬೆಟ್ಟದ ಕೋತಗಿರಿ ಪೇಟೆಯಲ್ಲಿ ಚಹಾ ಎಲೆಯ ಏಜೆಂಟರು. ಸುತ್ತಲ ಬಡಗರ ಹಟ್ಟಿಗಳಲ್ಲಿನ ಹಾಲನ್ ಅವರಂಥ ಸಣ್ಣ ಬೆಳೆಗಾರರಿಂದ ಹಸಿ ಎಲೆ ತೂಗಿಕೊಂಡು ಫ್ಯಾಕ್ಟರಿಗೆ ಕಳಿಸುವುದು ಅವರ ಕಸುಬು. ಎಲೆಯ ಮೇಲೆ ಮಂಜೋ ಮಳೆಯೋ ಕೂತಿರುತ್ತದೆಂದು ನೂರಕ್ಕೆ ಹತ್ತು ಕಿಲೋ ಕಳೆಯುವುದು ಅವರ ಧರ್ಮ. ಬಿರುಬಿಸಿಲಿನ ದಿನಗಳಲ್ಲೂ ಆ ಧರ್ಮಕ್ಕೆ ಚ್ಯುತಿ ಬಂದಿರಲಿಲ್ಲ. ಈಚೆಗೆ ಅಂಗಡಿಯ ಲೆಕ್ಕಕ್ಕೆಂದು ಕೊಂಡ ಕಂಪ್ಯೂಟರಿನಲ್ಲಿ ವಿಮಾನ ಕಟ್ಟಿ ಹಾರಿಸುವ ಆಟವೊಂದು ಸಿಕ್ಕಿತ್ತು. ಅಂದಿನಿಂದ, ತಮ್ಮೊಳಗಿನ ಎಂಜಿನಿಯರು ಇಷ್ಟು ಕಾಲ ಎಲೆ ಮೂಟೆಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದನೆಂದು ಅವರಿಗೆ ಮನವರಿಕೆಯಾಗಿತ್ತು. ಹಟ್ಟಿಯ ಎಲೆ ಕೈತಪ್ಪುತ್ತದೆಂಬ ಮಾತು ಎದೆಗೆ ತಾಗಿತು. ಆದರೂ ಕಣ್ಣು ಡಬ್ಬದಂಥ ಆ ಮಾನಿಟರನ್ನು ಬಿಟ್ಟು ಕದಲಲಿಲ್ಲ.

ಶಿವಲಿಂಗಯ್ಯ: ಘಾಟಲ್ಲಿ ಮಣ್ಣು ಜರೀತು ಅಂದ್ರೆ ಲಾರಿ ನಿಲ್ಲುತ್ತೆ. ಲಾರಿ ನಿಂತ್ರೆ ಎಲೆ ಮೂಟೇಲೇ ಬೇಯುತ್ತೆ. ನಿಮ್ಮಂಥೋರ ಒಳ್ಳೇದಕ್ಕೇ ಕಣಯ್ಯ ಈ ಯೋಜನೆ.

ಹಾಲನ್: ಇಳಿಯೋಕೆ ನೀರೇ ಯಾಕೆ ಬೇಕು?

ಶಿವಲಿಂಗಯ್ಯ: ಈ ಬೆಟ್ಟದಲ್ಲಿ ಕೆರೆ ಬಿಟ್ರೆ ಮಟ್ಟವಾದ ಜಾಗ ಎಲ್ಲದೆ, ತೋರ್ಸು.

ಹಾಲನ್: ಅದು ನಿಜ. ನಮ್ಮ ಹಟ್ಟೀಲಿ ಸಿಕ್ಸರ್ ಹೊಡೆದ್ರೆ ಬಾಲ್ ಹುಡುಕೋಕೆ ಕುನ್ನೂರು ಬಸ್ ಹತ್ಬೇಕು.

ಪರದೆಯ ಮೇಲೆ ನಾಲ್ಕು ಎಂಜಿನ್ನಿನ, ಬಸುರಿ ಎಮ್ಮೆಯಂಥ ವಿಮಾನ ನಿಂತಿತ್ತು. ಗಾಲಿಯ ಬದಲು ಹೊಟ್ಟೆಯಡಿ ಎರಡು ಉದ್ದನೆಯ ದೋಣಿಗಳು. ಶಿವಲಿಂಗಯ್ಯನವರು ಗುಂಡಿ ಒತ್ತಿದರು. ವಿಮಾನ ಗುಡುಗಿತು, ನಡುಗಿತು, ಬಾಲ ತಗ್ಗಿಸಿ ಮರ್ಯಾದೆಯಿಂದ ಕೆರೆಯೊಳಗೆ ಇಳಿದುಹೋಯಿತು. ಹೆಂಡತಿ ಸಿದ್ದಾಜಮ್ಮ ಕಾಫಿ ಲೋಟ ಹಿಡಿದು ಒಳಗೆ ಬಂದದ್ದು ಸರಿಯಾಗಿ ಆಗಲೇ.

ಸಿದ್ದಾಜಮ್ಮ: ಮುಳುಗ್ತಾ?

ಶಿವಲಿಂಗಯ್ಯ: ಮುಳುಗ್ಲಿಲ್ಲ. ಪರೀಕ್ಷೆ ಮುಗೀತು.

ಸಿದ್ದಾಜಮ್ಮ: ಬೆಳಿಗ್ಗೆಯಿಂದ ಪರೀಕ್ಷೆ ಮುಗೀತಾನೇ ಅದೆ, ಹಾಲಣ್ಣ. ಆ ಕೆರೇಲಿ ಇನ್ನು ಮೀನಿಗೆ ಜಾಗ ಇಲ್ಲ.

ಹಾಲನ್: ಎಂಜಿನ್ ಸಾಲ್ದು, ಅಕ್ಕ. ಮಸಿನಗುಡೀಲಿ ನಮ್ಮ ಭಾವನ ಜೀಪಿಗೂ ಇದೇ ಕಾಯಿಲೆ. ಇನ್ನೆರಡು ಎಂಜಿನ್ ಹಾಕು, ಲಿಂಗಯ್ಯ, ಹಕ್ಕಿ ಥರ ಏಳ್ದಿದ್ರೆ ನನ್ನ ಕೇಳು.

ಎರಡು ಎಂಜಿನ್ ಏರಿತು. ಈ ಸಲ ವಿಮಾನ ಗುಡುಗುವುದಕ್ಕೂ ಪುರುಸೊತ್ತಿಲ್ಲದೆ ಮುಳುಗಿತು.

ಸಿದ್ದಾಜಮ್ಮ: ಹಾಲಣ್ಣ ಹೇಳಿದ್ದು ಕೆಲಸ ಮಾಡ್ತು. ಬೇಗ ಹೋಯ್ತು.

ಶಿವಲಿಂಗಯ್ಯನವರು ಎರಡೂ ಎಂಜಿನ್ನುಗಳನ್ನು ಕಿತ್ತುಹಾಕಿ, ಕೈ ಕಟ್ಟಿ ಕೂತರು.

ಶಿವಲಿಂಗಯ್ಯ: ಇದು ಆಟ ಮಾಡಿದೋರ ತಪ್ಪು. ತೂಕದ ವಿಚಾರದಲ್ಲಿ ನನಗೆ ಹೇಳ್ಕೊಡೋರು ಈ ಬೆಟ್ಟದಲ್ಲಿ ಹುಟ್ಟಿಲ್ಲ. ನನ್ನ ಲೆಕ್ಕ ತಪ್ಪು ಅಂತ ತೋರಿಸ್ಬುಡು, ನಾಳೆಯಿಂದ ನಿನ್ನ ಎಲೆಗೆ ನೀರು ಕಳೆಯಲ್ಲ. ಸರಿ ಇದ್ರೆ, ಬಾಯಿ ಮುಚ್ಕೊಂಡು ನನ್ನ ಹತ್ರಾನೇ ಎಲೆ ಹಾಕು.

ಹಾಲನ್: ಅಕ್ಕ, ಕೇಳಿಸ್ಕೊಂಡ್ರಲ್ಲ?

ಸಿದ್ದಾಜಮ್ಮ: ಕೇಳಿಸ್ಕೊಳ್ಳೋದೇ ನನ್ನ ಕೆಲಸ ಅಲ್ವಾ ಈ ಮನೇಲಿ.

ಹಾಲನ್: ಸರಿ. ದೋಣಿ ಇಷ್ಟೇ ದೊಡ್ಡದಿರ್ಬೇಕು ಅಂತ ಹೆಂಗೆ ಲೆಕ್ಕ ಹಾಕ್ದೆ, ಹೇಳು.

ಶಿವಲಿಂಗಯ್ಯನವರು ಕಣ್ಣು ಅರೆಮುಚ್ಚಿ, ತಕ್ಕಡಿಯ ಮುಂದೆ ನಿಂತಾಗಿನ ರಾಗ ತೆಗೆದರು.

ಶಿವಲಿಂಗಯ್ಯ: ವಿಮಾನ ಹತ್ತು ಟನ್. ಎಲೆ ಹತ್ತು ಟನ್. ನೀರು ಕಳೆದ್ರೆ ಒಂಬತ್ತು. ಒಟ್ಟು ಹತ್ತೊಂಬತ್ತು. ಹತ್ತೊಂಬತ್ತು ಟನ್ ಹೊರೋ ದೋಣಿ ಹಾಕಿದೀನಿ. ಎಲ್ಲದೆ ತಪ್ಪು?

ಸಿದ್ದಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಾಲನ್ ಕಾಫಿ ಲೋಟ ಕೆಳಗಿಟ್ಟರು.

ಹಾಲನ್: ಇನ್ನೊಂದ್ಸಲ ಹೇಳು.

ಶಿವಲಿಂಗಯ್ಯ: ಎಲೆ ಹತ್ತು ಟನ್. ನೀರು ಕಳೆದ್ರೆ...

ರಾಗ ಅಲ್ಲಿಗೆ ನಿಂತಿತು.

ಹಾಲನ್: ಕಳೆದ ನೀರು ಎಲ್ಲಿಗೆ ಹೋಯ್ತು? ವಿಮಾನದಿಂದ ಇಳಿದು ಹಿಂದೆ ಬಸ್ಸಲ್ಲಿ ಬರುತ್ತಾ?

ಶಿವಲಿಂಗಯ್ಯ: ಎಲೆ ಅಂದ್ಮೇಲೆ ಕಳೀಲೇಬೇಕು ಕಣಯ್ಯ. ಅದು ಪದ್ಧತಿ.

ಹಾಲನ್: ಆ ಪದ್ಧತಿ ನಿನ್ನ ತಕ್ಕಡಿಗೆ ಗೊತ್ತು. ಕೆರೆಗೆ ಯಾರೂ ಹೇಳಿಲ್ಲ.

ಸಿದ್ದಾಜಮ್ಮ: ಸುಮ್ನೆ ದೊಡ್ಡ ದೋಣಿ ಹಾಕ್ರಿ. ಕಾಫಿ ಆರ್ತಾ ಅದೆ.

ದೊಡ್ಡ ದೋಣಿ ಬಂತು. ವಿಮಾನ ಗುಡುಗಿತು, ನಡುಗಿತು, ನೀರನ್ನು ಸೀಳಿಕೊಂಡು ಓಡಿ, ಯಾರೋ ಹಿಂದಿನಿಂದ ತಳ್ಳಿದಂತೆ ಮೇಲಕ್ಕೆದ್ದಿತು. ಹಾರಿತು ಎಂಬ ಸಂತೋಷ ಶಿವಲಿಂಗಯ್ಯನವರ ಮುಖಕ್ಕೆ ಬರುವಷ್ಟರಲ್ಲಿ ಸೋತೆ ಎಂಬ ಸಂಕಟವೂ ಬಂದು ಸೇರಿತು. ಎರಡಕ್ಕೂ ಇದ್ದದ್ದು ಒಂದೇ ಮುಖವಾದ್ದರಿಂದ ಸ್ವಲ್ಪ ಇಕ್ಕಟ್ಟಾಯಿತು.

ಶಿವಲಿಂಗಯ್ಯ: ಆಯ್ತಪ್ಪ. ಮಾತು ಅಂದ್ರೆ ಮಾತು. ನಾಳೆಯಿಂದ ತಕ್ಕಡಿ ಎಷ್ಟು ತೋರ್ಸುತ್ತೋ ಅಷ್ಟೇ ಬರ್ಕೋತೀನಿ.

ಹಾಲನ್: ನಿನ್ನಂಥ ದೊಡ್ಡ ಮನಸ್ಸು ಯಾರಿಗಿದೆ. ಮನೆಗೊಂದು ಫೋನ್ ಮಾಡ್ಲಾ?

ಹಾಲನ್ ಗೋಡೆಯ ಕಡೆ ತಿರುಗಿ, ಹೆಂಡತಿಯೊಡನೆ ತಮ್ಮ ಬಡಗ ಮಾತಿನಲ್ಲಿ ಪಿಸುಗುಟ್ಟತೊಡಗಿದರು. ಇಷ್ಟು ವರ್ಷ ಹಟ್ಟಿಯವರ ಎಲೆ ತೂಗಿದವರಿಗೆ ಹಟ್ಟಿಯವರ ಮಾತು ತಿಳಿಯದೆ ಇದ್ದೀತೇ ಎಂಬುದು ಗೆಲುವಿನ ಗಡಿಬಿಡಿಯಲ್ಲಿ ಅವರಿಗೆ ಹೊಳೆಯಲಿಲ್ಲ. ಅವರು ಹೇಳುತ್ತಿದ್ದುದರ ಸಾರಾಂಶ ಇದು:

ಹಾಲನ್: ಕಮಲಂ, ಇನ್ನು ಕಳೆಯೋದಿಲ್ವಂತೆ. ನಾಳೆ ಬೆಳಕು ಹರಿಯೋಕೆ ಮುಂಚೇನೇ ಎಲೆ ಕೀಳ್ಸು. ಮಂಜು ಆರೋಕೆ ಬಿಡ್ಬೇಡ. ಮೂಟೆ ಕೊಳಾಯಿ ಪಕ್ಕ ಇಡು. ಇಡು ಅಂದೆ, ಅಷ್ಟೇ. ಕೊಳಾಯಿ ತಾನಾಗೇ ಸೋರಿದ್ರೆ ನಾವೇನು ಮಾಡೋಕಾಗುತ್ತೆ.

ಶಿವಲಿಂಗಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು. ಮೆಲ್ಲಗೆ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡರು.

ಸಿದ್ದಾಜಮ್ಮ: ಹಾರ್ತಲ್ಲ, ಮತ್ಯಾಕೆ ಕೂತ್ರಿ?

ಶಿವಲಿಂಗಯ್ಯ: ಇನ್ನೂ ದೊಡ್ಡ ದೋಣಿ ಬೇಕು ಕಣೇ. ನಾಳೆ ಹಾಲಣ್ಣನ ಎಲೆ ಬರ್ತಾ ಅದೆ.